ಬೆಳಗಿನ ನುಡಿ, ಸಂಜೆಯ ಲೆಕ್ಕ

ಶ್ರೀಮಠದ ಪ್ರಸಾದ ನಿಲಯದಲ್ಲಿ ಬೆಳೆದ ನಮ್ಮಂಥವರಿಗೆ ಒಂದು ಅಭ್ಯಾಸ ಆಜೀವ ಉಳಿದುಬರುತ್ತದೆ. ಗಂಟೆಯ ಸದ್ದಿಗೆ ನಸುಕಿನಲ್ಲೇ ಎದ್ದು, ತಣ್ಣೀರಿನಲ್ಲಿ ಮಿಂದು, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ, ಸಾಮೂಹಿಕ ಪ್ರಾರ್ಥನೆಯ ಸಾಲಿನಲ್ಲಿ ಕುಳಿತವನಿಗೆ ಮುಂದೆ ಯಾವ ಊರಿಗೆ ಹೋದರೂ, ಯಾವ ಉದ್ಯೋಗ ಹಿಡಿದರೂ, ತನಗೆ ತಾನು ಒಂದು ಒಳ್ಳೆಯ ಮಾತನ್ನು ಹೇಳಿಕೊಳ್ಳದೆ ದಿನ ಆರಂಭವಾಗುವುದಿಲ್ಲ. ವಾಚಕ ಮಹಾಶಯರೇ, ನಿಮ್ಮಲ್ಲಿಯೂ ಅನೇಕರು ದಿನಚರಿ ಪುಸ್ತಕದ ಮೊದಲ ಪುಟದಲ್ಲೋ, ಪೂಜೆಯ ಗೂಡಿನ ಬದಿಗೋ ಅಂಥ ನಾಲ್ಕಾರು ನುಡಿಗಳನ್ನು ಬರೆದಿಟ್ಟಿರಬಹುದು. 'ನಾನು ಶಾಂತನಾಗಿದ್ದೇನೆ', 'ನಾನು ಯಾರಿಗೂ ಕೇಡು ಬಯಸುವುದಿಲ್ಲ', 'ನನ್ನ ಮನಸ್ಸು ದೃಢವಾಗಿದೆ' ಎಂಬಂಥ ನುಡಿಗಳು. ದಿನವೂ ತನ್ನನ್ನು ಕುರಿತು ಹೀಗೆ ಒಳ್ಳೆಯ ಮಾತನ್ನು ಹೇಳಿಕೊಳ್ಳುವುದರಿಂದ ಮನುಷ್ಯನು ಒಳ್ಳೆಯವನಾಗುತ್ತಾನೆಯೇ, ಅಥವಾ ತಾನು ಒಳ್ಳೆಯವನಾಗಿದ್ದೇನೆಂದು ನಂಬತೊಡಗುತ್ತಾನೆಯೇ? ಈ ಪ್ರಶ್ನೆ ನನಗೆ ಗ್ರಂಥದಿಂದ ಬಂದುದಲ್ಲ. ಬ್ರಹ್ಮಾವರದ ಒಂದು ಮಳೆಗಾಲದಲ್ಲಿ ಬಂದುದು.

ನಾನು ಬಯಲುಸೀಮೆಯವನು. ಅಧ್ಯಾಪಕ ವೃತ್ತಿಯ ನಿಮಿತ್ತ ಬ್ರಹ್ಮಾವರದ ಬಳಿಗೆ ಬಂದು ಬಹುಕಾಲ ಅಲ್ಲಿದ್ದೆನು. ಆಗ ಅದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಉಡುಪಿ ಬೇರೆ ಜಿಲ್ಲೆಯಾದುದು 1997ರಲ್ಲಿ. ಕೆಳದಿಯ ಅರಸರು ಬಾರಕೂರು, ಬಸರೂರುಗಳನ್ನು ಆಳಿದ ಕಾಲ ಹೇಗಿತ್ತೋ, ನಾನು ಕಂಡ ಕಾಲದಲ್ಲಿ ನನ್ನ ಸುತ್ತ ಲಿಂಗಧಾರಿಗಳು ಬೆರಳೆಣಿಕೆಯಷ್ಟು ಮಂದಿ. ಹಾಗಾಗಿ ಬೆಳಗಿನ ಪೂಜೆ, ಆ ಬಳಿಕ ಓದುತ್ತಿದ್ದ ಒಂದು ಸಣ್ಣ ಪುಸ್ತಕ, ಇವೆರಡೇ ನನಗೆ ಮಠದ ಸಂಗವಾಗಿದ್ದುವು. ಆ ಪುಸ್ತಕದಲ್ಲಿ ಇಪ್ಪತ್ತೇಳು ನುಡಿಗಳಿದ್ದುವು. ಮೊದಲನೆಯದು: 'ನಾನು ಶಾಂತಸ್ವಭಾವದವನು.' ಅದನ್ನು ಮೂರು ಸಲ ಹೇಳಿಕೊಂಡು ಶಾಲೆಗೆ ಹೊರಡುತ್ತಿದ್ದೆನು.

ಆ ಸೀಮೆಯನ್ನು ಕಂಡವರಿಗೆ ಕುದ್ರುಗಳ ಪರಿಚಯವಿರುತ್ತದೆ. ಸೀತಾನದಿ, ಸುವರ್ಣಾನದಿಗಳು ಕಡಲನ್ನು ಸೇರುವ ಮೊದಲು ಹರಡಿಕೊಂಡು ನಡುವೆ ಬಿಟ್ಟಿರುವ ನಡುಗಡ್ಡೆಗಳಿಗೆ ಅಲ್ಲಿ ಕುದ್ರು ಎನ್ನುತ್ತಾರೆ. ತೆಂಗಿನ ತೋಟ, ನಾಲ್ಕು ಮನೆ, ಸುತ್ತ ನೀರು. ಆ ಕಾಲದಲ್ಲಿ ಅಲ್ಲಿಯ ಮಕ್ಕಳು ಕಡವಿಗೆ ಬಂದು ದೋಣಿ ಹತ್ತಿ ಶಾಲೆಗೆ ಬರಬೇಕಿತ್ತು. ಆಷಾಢದ ಒಂದು ದಿನ ಅಂಥ ಹುಡುಗನೊಬ್ಬನು ಎರಡನೆಯ ಪಾಠ ನಡೆಯುವಾಗ ಬಾಗಿಲಲ್ಲಿ ಬಂದು ನಿಂತನು. ಚೀಲ ತೊಯ್ದಿತ್ತು. "ಹೊಳೆ ತುಂಬಿತ್ ಸಾರ್, ದೋಣಿ..." ಎಂದು ಅವನು ಆರಂಭಿಸಿದನು. ಆ ವಾರದಲ್ಲಿ ಅವನು ತಡವಾಗಿ ಬಂದುದು ಅದು ಮೂರನೆಯ ಸಲ. ನಾನು ದನಿ ಏರಿಸಲಿಲ್ಲ, ಕೈ ಎತ್ತಲಿಲ್ಲ. ಬಹಳ ಮೆಲ್ಲಗೆ, "ನೆಪ ಬೇಡಪ್ಪ, ಹೊರಗೆ ನಿಲ್ಲು" ಎಂದೆನು. ಮಧ್ಯಾಹ್ನದ ಗಂಟೆಯವರೆಗೆ ಅವನು ಜಗಲಿಯಲ್ಲಿ ಎರಚಲಿಗೆ ಮೈಯೊಡ್ಡಿ ನಿಂತಿದ್ದನು.

ಅಂದು ಸಂಜೆ ಪುಸ್ತಕದಲ್ಲಿ ನಾನು ಬರೆದುದನ್ನು ಇಂದಿಗೂ ತೆಗೆದು ತೋರಿಸಬಲ್ಲೆನು: 'ಕೋಪಕ್ಕೆ ಕಾರಣವಿದ್ದರೂ ಶಾಂತನಾಗಿದ್ದೆನು.' ಹೆಮ್ಮೆಯಿಂದಲೇ ಬರೆದಿದ್ದೆನು. ಮರುದಿನ ನಾನೇ ಆ ಕಡವಿಗೆ ಹೋಗಬೇಕಾಗಿ ಬಂತು. ನೆರೆ ಇಳಿಯದೆ ದೋಣಿ ಬಿಡುವುದಿಲ್ಲವೆಂದು ಅಂಬಿಗನು ಹೇಳಿದನು. ಹಿಂದಿನ ದಿನವೂ ಬೆಳಿಗ್ಗೆ ಬಿಟ್ಟಿರಲಿಲ್ಲವಂತೆ. ಶಾಲೆಯ ಹುಡುಗನೊಬ್ಬನು ಅತ್ತತ್ತು ಕಾಡಿದ್ದಕ್ಕೆ, ನೀರು ಸ್ವಲ್ಪ ತಗ್ಗಿದ ಮೇಲೆ ಅವನೊಬ್ಬನನ್ನೇ ದಾಟಿಸಿದನಂತೆ.

ನನ್ನನ್ನು ಕುಕ್ಕಿದ್ದು ಹುಡುಗನಿಗೆ ಆದ ಅನ್ಯಾಯವಷ್ಟೇ ಅಲ್ಲ. ಆ ಅನ್ಯಾಯ ನಡೆಯುವಾಗ ನನ್ನ ಬೆಳಗಿನ ನುಡಿ ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ. ನಾನು ನಿಜಕ್ಕೂ ಶಾಂತನಾಗಿದ್ದೆನು. ಕೋಪ ಬಂದು ಗದರಿಸಿದ್ದರೆ ಪ್ರಾಯಶಃ ಹತ್ತು ನಿಮಿಷದಲ್ಲಿ ಮನಸ್ಸು ಕಚ್ಚಿ, ಅವನನ್ನು ಒಳಗೆ ಕರೆಯುತ್ತಿದ್ದೆನು. ಶಾಂತನಾಗಿದ್ದೇನೆಂಬ ತೃಪ್ತಿಯೇ ಅವನನ್ನು ಹೊರಗೆ ನಿಲ್ಲಿಸಿತು. ಬೆಳಗಿನ ಒಳ್ಳೆಯ ಮಾತು ಮನುಷ್ಯನನ್ನು ತಿದ್ದುವ ಕನ್ನಡಿಯಾಗಬಹುದು. ನೋಡದಂತೆ ಮಾಡುವ ತೆರೆಯೂ ಆಗಬಹುದು. ನನಗೆ ಅದು ತೆರೆಯಾಗಿತ್ತು.

ಇದು ನನ್ನೊಬ್ಬನ ಅನುಭವವಲ್ಲವೆಂದು ಮುಂದೆ ಓದಿ ತಿಳಿದೆನು. ಫ್ರಾನ್ಸಿನ ನಾನ್ಸಿ ನಗರದಲ್ಲಿ ಎಮಿಲ್ ಕುವೇ ಎಂಬ ಔಷಧ ವ್ಯಾಪಾರಿ ಇದ್ದನು (1857-1926). ತಾನು ದಿನದಿನಕ್ಕೆ ಎಲ್ಲ ಬಗೆಯಲ್ಲಿಯೂ ಉತ್ತಮನಾಗುತ್ತಿದ್ದೇನೆಂಬ ಒಂದೇ ಮಾತನ್ನು ಬೆಳಿಗ್ಗೆ ಏಳುವಾಗ, ರಾತ್ರಿ ಮಲಗುವಾಗ ಇಪ್ಪತ್ತು ಸಲ ಹೇಳಿಕೊಳ್ಳಲು ಅವನು ಕಲಿಸಿದನು. ಎಣಿಕೆ ತಪ್ಪದಿರಲು ಇಪ್ಪತ್ತು ಗಂಟುಗಳ ದಾರ. ನಮ್ಮ ಜಪಸರದ ಬಡ ನೆಂಟ ಎನ್ನಬಹುದು. ಯುರೋಪು ಅಮೆರಿಕಗಳಲ್ಲಿ ಅದು ದೊಡ್ಡ ಗಾಳಿಯಾಗಿ ಬೀಸಿತು. ಇಂದು ಅಂಗಡಿಗಳಲ್ಲಿ ಮಾರುವ ಆತ್ಮವಿಶ್ವಾಸದ ಪುಸ್ತಕಗಳಲ್ಲಿ ಅನೇಕವು ಆ ದಾರದ ಗಂಟುಗಳೇ. ಆದರೆ 2009ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಅವರ ಸಹೋದ್ಯೋಗಿಗಳು ಇಂಥ ನುಡಿಗಳನ್ನು ಪರೀಕ್ಷೆಗೊಡ್ಡಿ ಒಂದು ಲೇಖನ ಪ್ರಕಟಿಸಿದರು. ತಾನು ಪ್ರೀತಿಗೆ ಪಾತ್ರನಾದ ವ್ಯಕ್ತಿ ಎಂಬ ಮಾತನ್ನು ಜನರಿಂದ ಮತ್ತೆ ಮತ್ತೆ ಹೇಳಿಸಿದಾಗ, ಮೊದಲೇ ತಮ್ಮ ವಿಷಯದಲ್ಲಿ ನೆಮ್ಮದಿಯುಳ್ಳವರಿಗೆ ಸ್ವಲ್ಪ ಹಿತವಾಯಿತು. ತಮ್ಮನ್ನು ತಾವು ಕೀಳಾಗಿ ಕಾಣುತ್ತಿದ್ದವರಿಗೆ ಮಾತ್ರ ಮನಸ್ಸು ಇನ್ನಷ್ಟು ಕುಗ್ಗಿತು. ಯಾರಿಗೆ ಔಷಧ ಬೇಕಿತ್ತೋ ಅವರಿಗೇ ಅದು ಒಗ್ಗಲಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ನಾಲಿಗೆ ಒಂದನ್ನು ಹೇಳುತ್ತಿರುವಾಗ ಒಳಗಿನಿಂದ ಇನ್ನೊಂದು ದನಿ 'ಇಲ್ಲ, ಇಲ್ಲ' ಎನ್ನುತ್ತಿದ್ದರೆ, ಹೇಳಿದಷ್ಟೂ ಆ ಒಳದನಿಯೇ ಬಲಿಯುತ್ತದೆ.

ಹಾಗಾದರೆ ಈ ಅಭ್ಯಾಸವನ್ನೇ ಬಿಡಬೇಕೇ? ನಾನು ಒಂದೆರಡು ತಿಂಗಳು ಬಿಟ್ಟು ನೋಡಿದೆನು. ಬಿಟ್ಟುದರಿಂದ ಬೆಳಗು ಬರಿದಾಯಿತೇ ಹೊರತು ನಾನು ಸತ್ಯವಂತನಾಗಲಿಲ್ಲ. ನುಡಿಯಿಲ್ಲದೆ ಎದ್ದವನ ತಲೆಯಲ್ಲಿ ನಿನ್ನೆಯ ಜಗಳ, ಇಂದಿನ ಖರ್ಚು, ಇವೇ ಮೊದಲು ಬಂದು ಕುಳಿತುಕೊಳ್ಳುತ್ತವೆ. ಮನಸ್ಸು ಹೇಗೂ ತನಗೆ ತಾನು ಏನನ್ನೋ ಹೇಳಿಕೊಳ್ಳುತ್ತಲೇ ಇರುತ್ತದೆ. ಏನನ್ನು ಹೇಳಿಕೊಳ್ಳಬೇಕೆಂಬ ಆಯ್ಕೆ ಮಾತ್ರ ನಮ್ಮದು. ಆದುದರಿಂದ ಪುಸ್ತಕವನ್ನು ಎಸೆಯದೆ, ಆ ಇಪ್ಪತ್ತೇಳು ನುಡಿಗಳನ್ನು ಒಂದೊಂದಾಗಿ ಜರಡಿ ಹಿಡಿಯಲು ಕುಳಿತೆನು.

ಕುಳಿತಾಗ ತಿಳಿದುದೇನೆಂದರೆ, ಅವು ಒಂದೇ ಜಾತಿಯ ನುಡಿಗಳಾಗಿರಲಿಲ್ಲ. ಕೆಲವು ಕೇವಲ ಹರಕೆಗಳು. ಬ್ರಹ್ಮಾವರದಿಂದ ಒಳನಾಡಿಗೆ ಹೋದರೆ ಮಂದಾರ್ತಿಯ ದುರ್ಗಾಪರಮೇಶ್ವರಿ ದೇವಸ್ಥಾನವಿದೆ. ಇಷ್ಟಾರ್ಥ ಈಡೇರಿದರೆ ಆಟ ಆಡಿಸುತ್ತೇವೆಂದು ಹರಕೆ ಹೊತ್ತ ಭಕ್ತರು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಹರಕೆಗೆ ಅದರದೇ ಗೌರವವಿದೆ, ಅದನ್ನು ತೀರಿಸುವುದರಲ್ಲಿ ನಿಷ್ಠೆಯೂ ಇದೆ. ಆದರೆ ಅದರ ಒಂದು ತುದಿ ಬೇಡಿಕೆಗೆ ಕಟ್ಟಿರುತ್ತದೆ. ನನ್ನ ಪುಸ್ತಕದ 'ಈ ವರ್ಷ ಸ್ವಂತ ಮನೆ ಕಟ್ಟುತ್ತೇನೆ' ಎಂಬುದು ಅಂಥದು. ಅದು ಇರಬಾರದೆಂದಲ್ಲ, ಇರಬೇಕಾದ ಜಾಗ ಬೇರೆ. ಇನ್ನು ಕೆಲವು ಪರರ ನುಡಿಗಳು: ತಂದೆಯವರು ಹೇಳಿದ್ದು, ಯಾವುದೋ ಭಾಷಣದಲ್ಲಿ ಕೇಳಿದ್ದು, ಬರೆದುಕೊಂಡಾಗ ಚೆನ್ನಾಗಿ ಕಂಡಿದ್ದು. ಅವುಗಳಲ್ಲಿ ಎರಡರ ಅರ್ಥವನ್ನು ನನ್ನ ಮಾತಿನಲ್ಲಿ ಹೇಳಲು ಹೋದರೆ ಬಾಯಿ ಬರಲಿಲ್ಲ. ಉಳಿದವುಗಳಲ್ಲಿ ಬಹುಪಾಲು ಹೊಗಳಿಕೆಗಳು. ನಾನು ಶಾಂತ, ನಾನು ಉದಾರಿ, ನಾನು ನಿಗರ್ವಿ. 'ನಾನು ನಿಗರ್ವಿ' ಎಂದು ಎಷ್ಟು ವರ್ಷ ಹೇಳಿಕೊಂಡಿದ್ದೆನೋ! ಓದುವಾಗ ನನಗೇ ನಗು ಬಂತು.

ವಿನಯದ ಈ ತೊಡಕನ್ನು ಇಬ್ಬರು ದೊಡ್ಡವರು ಎರಡು ರೀತಿಯಲ್ಲಿ ಬಿಡಿಸಿದ್ದಾರೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ (1706-1790) ಯೌವನದಲ್ಲಿ ತನ್ನ ನಡತೆಯನ್ನು ತಿದ್ದಿಕೊಳ್ಳಲು ಸದ್ಗುಣಗಳ ಒಂದು ಪಟ್ಟಿ ಮಾಡಿಕೊಂಡನು. ಒಂದೊಂದು ಗುಣಕ್ಕೆ ಒಂದು ಪುಟ, ವಾರದ ಏಳು ದಿನಗಳಿಗೆ ಏಳು ಅಂಕಣ. ತಪ್ಪಿದ ದಿನ ಅಲ್ಲಿ ಒಂದು ಕಪ್ಪು ಚುಕ್ಕೆ. ವಾರಕ್ಕೊಂದು ಗುಣದ ಮೇಲೆ ವಿಶೇಷ ಗಮನ. ಪಟ್ಟಿಯಲ್ಲಿ ಮೊದಲು ಇದ್ದುದು ಹನ್ನೆರಡೇ ಗುಣ. ಜನರು ನಿನ್ನನ್ನು ಗರ್ವಿಷ್ಠನೆಂದು ಭಾವಿಸಿದ್ದಾರೆಂದು ಗೆಳೆಯನೊಬ್ಬನು ತಿಳಿಸಿದ ಮೇಲೆ ಹದಿಮೂರನೆಯದಾಗಿ ವಿನಯವನ್ನು ಸೇರಿಸಿದನು. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು, ಲೆಕ್ಕ ಚೊಕ್ಕವಾಯಿತು. ಆದರೆ ಆತ್ಮಕಥೆಯಲ್ಲಿ ಅವನೇ ಒಪ್ಪಿಕೊಳ್ಳುತ್ತಾನೆ: ವಿನಯದ ತೋರಿಕೆ ತನಗೆ ಸಾಕಷ್ಟು ಸಿದ್ಧಿಸಿತು, ವಿನಯ ಸಿದ್ಧಿಸಿತೆಂದು ಹೇಳಲಾರೆ ಎಂದು. ಪ್ರಾಮಾಣಿಕ ಮನುಷ್ಯ. ತನ್ನಲ್ಲಿ ಊಹಿಸಿದ್ದಕ್ಕಿಂತ ಹೆಚ್ಚು ತಪ್ಪುಗಳು ಕಂಡುವೆಂದೂ ಬರೆದಿದ್ದಾನೆ. ಆ ಚುಕ್ಕೆಗಳ ಪುಸ್ತಕದಿಂದ ಅವನಿಗೆ ದೊರೆತ ನಿಜವಾದ ಲಾಭ ಅದೇ ಎಂದು ನನ್ನ ಅಭಿಪ್ರಾಯ.

ಇನ್ನೊಬ್ಬರು ಮಹಾತ್ಮ ಗಾಂಧಿಯವರು. 1915ರಲ್ಲಿ ಆರಂಭವಾದ ಅವರ ಆಶ್ರಮದಲ್ಲಿ ವ್ರತಗಳಿದ್ದುವು. ಕಾಲಕ್ರಮದಲ್ಲಿ ಅವು ಹನ್ನೊಂದಾಗಿ ಪ್ರಾರ್ಥನೆಯ ಹೊತ್ತಿನಲ್ಲಿ ಪಠಿಸಲ್ಪಡುತ್ತಿದ್ದುವು. ಸತ್ಯ, ಅಹಿಂಸೆಗಳ ಜೊತೆಗೆ ಅಸ್ಪೃಶ್ಯತಾ ನಿವಾರಣೆ, ಶರೀರಶ್ರಮಗಳೂ ಆ ಪಟ್ಟಿಯಲ್ಲಿ ನಿಂತುವು. ಕಾಯಕವನ್ನು ಬಲ್ಲ ನಮಗೆ ಇದು ಆಪ್ತವಾದ ಸಂಗತಿ. 1934ರಲ್ಲಿ ಅವರು ಉಡುಪಿ, ಕುಂದಾಪುರಗಳ ದಾರಿಯಲ್ಲಿ ಸಂಚರಿಸಿದ್ದು ಆ ಅಸ್ಪೃಶ್ಯತಾ ನಿವಾರಣೆಯ ವ್ರತವನ್ನೇ ಹೊತ್ತು. 1930ರಲ್ಲಿ ಯರವಡಾ ಸೆರೆಮನೆಯಿಂದ ಪ್ರತಿ ಮಂಗಳವಾರ ಬೆಳಿಗ್ಗೆ ಒಂದೊಂದು ವ್ರತವನ್ನು ಕುರಿತು ಆಶ್ರಮವಾಸಿಗಳಿಗೆ ಕಾಗದ ಬರೆದರು. 'ಮಂಗಳ ಪ್ರಭಾತ'ವೆಂಬ ಹೆಸರಿನಲ್ಲಿ ಪ್ರಸಿದ್ಧವಾದ ಪುಸ್ತಕ ಅದೇ. ಅದರಲ್ಲಿ ನಮ್ರತೆಯನ್ನು ಕುರಿತ ಕಾಗದವೂ ಒಂದುಂಟು, ಆದರೆ ನಮ್ರತೆ ವ್ರತಗಳ ಪಟ್ಟಿಯಲ್ಲಿಲ್ಲ. ಏಕಿಲ್ಲವೆಂಬುದನ್ನೇ ಆ ಕಾಗದದಲ್ಲಿ ವಿಚಾರ ಮಾಡುತ್ತಾರೆ. ಸತ್ಯವನ್ನು ಪಣತೊಟ್ಟು ಅಭ್ಯಾಸ ಮಾಡಬಹುದು, ನಮ್ರತೆಯನ್ನು ಹಾಗೆ ಅಭ್ಯಾಸ ಮಾಡಹೊರಟರೆ ಅದು ಡಂಭವಾಗುತ್ತದೆ ಎಂಬುದು ಅವರ ಆಶಯ. ಫ್ರಾಂಕ್ಲಿನ್ ಸೇರಿಸಿದ್ದನ್ನು ಗಾಂಧಿಯವರು ಹೊರಗಿಟ್ಟರು. ನಾನು ಗಾಂಧಿಯವರ ಪಕ್ಷ. ಕೆಲವು ಗುಣಗಳು ಬೇರೆ ಕೆಲಸದ ಬೆನ್ನಿಗೆ ತಾವಾಗಿ ಬರತಕ್ಕವು. ಹೆಸರು ಹಿಡಿದು ಕರೆದರೆ ಅವು ಬರುವುದಿಲ್ಲ, ಅವುಗಳ ವೇಷ ಬರುತ್ತದೆ.

ಇಲ್ಲಿ ನಮ್ಮ ಶರಣರ ಮಾರ್ಗವನ್ನೂ ನೆನೆಯಬೇಕು. 'ಆಚಾರವೇ ಪ್ರಾಣವಾದ ರಾಮೇಶ್ವರಲಿಂಗ' ಎಂಬ ಅಂಕಿತದ ಶರಣೆ ಅಕ್ಕಮ್ಮನ ವಚನಗಳ ಮುಖ್ಯ ವಸ್ತುವೇ ವ್ರತ ಮತ್ತು ಆಚಾರ. ಬಸವಣ್ಣನವರ ವಚನಗಳಲ್ಲಿ ತನ್ನನ್ನು ತಾನು ಬೈದುಕೊಂಡ ಮಾತು ಎಷ್ಟು ಸಲ ಬರುತ್ತದೆಂಬುದು ವಾಚಕರಿಗೆ ತಿಳಿದ ಸಂಗತಿ. ನಾನು ವಿಶೇಷವಾಗಿ ಹೇಳಬೇಕೆಂದಿರುವುದು ಅಂಕಿತದ ವಿಷಯ. ಅದು ಕರ್ತೃವಿನ ರುಜು ಎಂದು ನಾವು ಶಾಲೆಯಲ್ಲಿ ಪಾಠ ಹೇಳುತ್ತೇವೆ. ಅಷ್ಟೇ ಅಲ್ಲವೆಂದು ನನಗೆ ತೋರುತ್ತದೆ. ಇಷ್ಟಲಿಂಗದ ಹೆಸರನ್ನು ಹಿಡಿದು ಮುಗಿಯುವ ಮಾತು ಸಾಕ್ಷಿಯ ಎದುರಿಗೆ ಆಡಿದ ಮಾತು. ಕನ್ನಡಿಯ ಎದುರಿಗೆ ನಿಂತು 'ನಾನು ಉದಾರಿ' ಎನ್ನಬಹುದು. ಅಂಗೈಯ ಲಿಂಗವನ್ನು ನೋಡುತ್ತ ಹಾಗೆನ್ನಲು ನಾಲಿಗೆ ಏಳುವುದಿಲ್ಲ. ಅಂದಿನಿಂದ ನಾನು ನುಡಿಗಳನ್ನು ಪೂಜೆಯ ನಂತರ ಬೇರೆಯಾಗಿ ಓದುವುದನ್ನು ಬಿಟ್ಟು, ಲಿಂಗವನ್ನು ಕರಸ್ಥಲದಲ್ಲಿ ಇಟ್ಟುಕೊಂಡಿರುವಾಗಲೇ ಹೇಳಿಕೊಳ್ಳತೊಡಗಿದೆನು. ಹೊಗಳಿಕೆಗಳೆಲ್ಲ ಒಂದು ವಾರದಲ್ಲಿ ತಾವಾಗಿ ಉದುರಿದುವು.

ಉದುರಿದ ಮೇಲೆ ಉಳಿದುದು ಏಳು. ಅವುಗಳನ್ನು ತಿದ್ದುವ ಕೆಲಸ ಆಮೇಲೆ ಆರಂಭವಾಯಿತು. ಒಂದೇ ಅಳತೆಗೋಲನ್ನು ಇಟ್ಟುಕೊಂಡೆನು: ಈ ನುಡಿ ಇಂದು ಸಂಜೆ ಸುಳ್ಳಾಯಿತೆಂದು ನನಗೆ ತಿಳಿಯಬಲ್ಲುದೇ? 'ನಾನು ಶಾಂತ' ಎಂಬುದು ಸುಳ್ಳಾದರೂ ತಿಳಿಯುವುದಿಲ್ಲ, ಹುಡುಗನು ಮಳೆಯಲ್ಲಿ ನಿಂತಿದ್ದಾಗಲೂ ತಿಳಿಯಲಿಲ್ಲ. ಅದರ ಬದಲು ಹೀಗೆ ಬರೆದೆನು: 'ಎದುರಿನವರ ಮಾತು ಮುಗಿಯುವವರೆಗೆ ಕೇಳುತ್ತೇನೆ.' ನೋಡುವುದಕ್ಕೆ ಇದು ಸಣ್ಣ ಮಾತು. ಶಾಂತಿ, ಸಮತೆಗಳ ಘನತೆ ಇದಕ್ಕಿಲ್ಲ. ಆದರೆ ಸಂಜೆ ಕುಳಿತು ನೆನೆದರೆ ಯಾರ ಮಾತನ್ನು ಎಲ್ಲಿ ಕಡಿದೆನೆಂದು ಎಣಿಸಿ ಹೇಳಬಹುದು. ಮೊದಲ ದಿನವೇ ಒಂಬತ್ತು ಸಲ ಕಡಿದಿದ್ದೆನು, ಅದರಲ್ಲಿ ಐದು ಸಲ ಮನೆಯವಳ ಮಾತನ್ನು.

ಆದರೂ ಒಂದು ತೊಂದರೆ ಉಳಿಯಿತು. ಎಷ್ಟು ಚೊಕ್ಕ ಮಾತಾದರೂ ದಿನವೂ ಹೇಳಿದರೆ ಸವೆಯುತ್ತದೆ. ಮೂರು ತಿಂಗಳಿಗೆ ನಾಲಿಗೆ ಅದನ್ನು ತಾನೇ ಹೇಳಿ ಮುಗಿಸುತ್ತದೆ, ಮನಸ್ಸು ಅಷ್ಟರಲ್ಲಿ ಸಂತೆಗೆ ಹೋಗಿರುತ್ತದೆ. ಇದಕ್ಕೆ ಉಪಾಯ ನನಗೆ ದೊರೆತದ್ದು ಆಟದ ಬಯಲಿನಲ್ಲಿ. ಬ್ರಹ್ಮಾವರದ ಆಸುಪಾಸಿನ ಹಾರಾಡಿ, ಮಟಪಾಡಿ ಎಂಬ ಎರಡು ಊರುಗಳು ಬಡಗುತಿಟ್ಟಿನ ಯಕ್ಷಗಾನದಲ್ಲಿ ಎರಡು ಶೈಲಿಗಳಿಗೆ ತಮ್ಮ ಹೆಸರು ಕೊಟ್ಟಿವೆ. ಅಲ್ಲಿದ್ದು ಆಟ ನೋಡದಿರುವುದು ಸಾಧ್ಯವಿಲ್ಲ. ಬಯಲುಸೀಮೆಯ ನನಗೆ ಆರಂಭದಲ್ಲಿ ಚೆಂಡೆಯ ಸದ್ದಷ್ಟೇ ಕೇಳಿಸುತ್ತಿತ್ತು. ಕ್ರಮೇಣ ಒಂದು ಸಂಗತಿ ಗಮನಕ್ಕೆ ಬಂತು. ಭಾಗವತರು ಹಾಡುವ ಪದ್ಯ ಪ್ರಸಂಗದಲ್ಲಿ ಬರೆದಿಟ್ಟಿರುವುದು, ಹಳೆಯದು, ಬದಲಾಗದು. ಪದ್ಯ ಮುಗಿದ ಮೇಲೆ ವೇಷಧಾರಿ ಆಡುವ ಅರ್ಥ ಮಾತ್ರ ಎಲ್ಲಿಯೂ ಬರೆದಿಟ್ಟುದಲ್ಲ. ಆ ರಾತ್ರಿ, ಆ ರಂಗಸ್ಥಳದಲ್ಲಿ, ಎದುರು ಪಾತ್ರ ಏನೆಂದಿತೋ ಅದಕ್ಕೆ ತಕ್ಕಂತೆ ಹುಟ್ಟಬೇಕು. ಅದೇ ಪದ್ಯಕ್ಕೆ ನಿನ್ನೆಯ ಅರ್ಥವನ್ನೇ ಗಿಳಿಯಂತೆ ಒಪ್ಪಿಸಿದರೆ, ಹಿಂದೆ ಚಾಪೆಯ ಮೇಲೆ ಕುಳಿತ ಅಜ್ಜನೂ ಗುರುತಿಸಿ ಮುಖ ತಿರುಗಿಸುತ್ತಾನೆ.

ನನ್ನ ನುಡಿಗಳಿಗೂ ಇದೇ ಕ್ರಮವನ್ನು ಹಿಡಿದೆನು. ಪದ್ಯ ಬದಲಾಗದು, ಅರ್ಥವನ್ನು ಅಂದಂದು ಹೇಳಬೇಕು. 'ಎದುರಿನವರ ಮಾತು ಮುಗಿಯುವವರೆಗೆ ಕೇಳುತ್ತೇನೆ' ಎಂದು ಹೇಳಿದ ಮೇಲೆ, ಎದುರಿನವರು ಇಂದು ಯಾರು ಎಂದು ಕೇಳಿಕೊಳ್ಳಬೇಕು. ಇಂದು ಸಂಬಳದ ದಿನ. ಗುಮಾಸ್ತರ ಬಳಿ ನಿಂತಾಗ, ಅವರು ಕಡತ ಸಿಕ್ಕಲಿಲ್ಲವೆಂದು ಆರಂಭಿಸಿದಾಗ, ಅವರು ಮುಗಿಸುವವರೆಗೆ ನಾನು ಬಾಯಿ ತೆರೆಯೆನು. ಹೀಗೆ ಎಲ್ಲಿ, ಯಾವಾಗ, ಯಾರೊಡನೆ ಎಂಬುದನ್ನು ಕಟ್ಟಿಕೊಂಡ ಸಂಕಲ್ಪವು ಬರಿಯ ಸದಾಶಯಕ್ಕಿಂತ ಹೆಚ್ಚಾಗಿ ನೆರವೇರುತ್ತದೆಂದು ಪೀಟರ್ ಗೋಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು 1999ರ ಒಂದು ಲೇಖನದಲ್ಲಿ ಪ್ರಯೋಗಗಳ ಆಧಾರದಿಂದ ತೋರಿಸಿದ್ದಾರೆ. ಅರ್ಥಧಾರಿಗಳಿಗೆ ಆ ಲೇಖನದ ಅಗತ್ಯವಿರಲಿಲ್ಲ.

ಒಂದು ಆಕ್ಷೇಪವನ್ನು ಬದಿಗೆ ತಳ್ಳಿ ಮುಂದೆ ಹೋಗಲಾರೆನು. ಕೆಲವರ ಮನಸ್ಸು ಬಾಲ್ಯದಿಂದಲೇ ಬೈಗಳಲ್ಲಿ ಬೆಂದಿರುತ್ತದೆ. 'ನಾನು ಯಾವುದಕ್ಕೂ ಬಾರದವನು' ಎಂಬ ನುಡಿ ಅವರಿಗೆ ಯಾರೂ ಕಲಿಸದೆ ಬೆಳಿಗ್ಗೆ ತಾನಾಗಿ ಬರುತ್ತದೆ. ಅವರಿಗೆ ಸಂಜೆಯ ಲೆಕ್ಕ, ಕಪ್ಪು ಚುಕ್ಕೆ ಎಂದರೆ ಗಾಯದ ಮೇಲೆ ಬರೆ ಹಾಕಿದಂತಾದೀತು. ಈ ಮಾತು ನಿಜ. ಅವರು ಹೊಗಳಿಕೆಯಲ್ಲಿ ಆಶ್ರಯ ಪಡೆದರೆ ತಪ್ಪೇನು ಎಂದು ಕೇಳುವವರಿಗೆ, ವುಡ್ ಅವರ ಪರೀಕ್ಷೆ ಹೇಳಿದ್ದನ್ನು ಮೇಲೆಯೇ ಬರೆದಿದ್ದೇನೆ: ಆ ಆಶ್ರಯ ಅವರಿಗೆ ನಿಲ್ಲುವುದಿಲ್ಲ. ಅಂಥವರು ನುಡಿಯಬೇಕಾದುದು ನಡೆದುಹೋದ ಒಂದು ಸತ್ಯವನ್ನು. 'ಅವ್ವ ಕಾಯಿಲೆ ಬಿದ್ದಾಗ ಎರಡು ತಿಂಗಳು ನಾನೇ ನೋಡಿಕೊಂಡೆ' ಎಂಬಂಥದು. ಅದನ್ನು ಒಳದನಿಯೂ ಅಲ್ಲವೆನ್ನಲಾರದು. ತನಗೆ ಮುಖ್ಯವಾದ ಮೌಲ್ಯವನ್ನು ನೆನೆದುಕೊಂಡರೆ ಮನಸ್ಸಿಗೆ ನೆಲೆ ಸಿಕ್ಕುತ್ತದೆಂದು ಕ್ಲಾಡ್ ಸ್ಟೀಲ್ ಎಂಬ ವಿದ್ವಾಂಸರು 1988ರಲ್ಲಿ ಪ್ರತಿಪಾದಿಸಿದ ವಿಚಾರವೂ ಇದಕ್ಕೆ ಹತ್ತಿರದ್ದು. ಇನ್ನು, ಕತ್ತಲು ತೀರ ದಟ್ಟವಾಗಿರುವವರು ವೈದ್ಯರನ್ನು ಕಾಣಬೇಕು. ಚೀಟಿಯ ನುಡಿ ಅದಕ್ಕೆ ಬದಲಿಯಲ್ಲ.

ಆ ಏಳರಲ್ಲಿ ಈಗ ನನ್ನ ಬಳಿ ಉಳಿದಿರುವುದು ನಾಲ್ಕು. ಮೂರನ್ನು ತೆಗೆದುದು ಅವು ಸಿದ್ಧಿಸಿದುವೆಂದಲ್ಲ. ಒಂದು ಇನ್ನೊಂದರೊಳಗೆ ಅಡಗಿತ್ತು, ಇನ್ನೆರಡು ನಿವೃತ್ತನಾದ ಮೇಲೆ ಅರ್ಥ ಕಳೆದುಕೊಂಡುವು. ವರ್ಷಕ್ಕೊಮ್ಮೆ, ಶಿವರಾತ್ರಿಯ ಮರುದಿನ, ಪುಸ್ತಕವನ್ನು ಬಿಚ್ಚಿ ಕೂರುತ್ತೇನೆ. ಪದೇ ಪದೇ ತಿದ್ದುವುದು ಒಳ್ಳೆಯದಲ್ಲ. ಪಾಲಿಸಲಾಗದ ಮಾತನ್ನು ಹಗುರ ಮಾಡಿಕೊಳ್ಳುವ ಚಟ ಅದರಲ್ಲಿದೆ. ನಾನು ಒಮ್ಮೆ ಹಾಗೆ ಮಾಡಿದ್ದೇನೆ.

ಅದು ಪಟ್ಟಿಯ ಕೊನೆಯ ನುಡಿಯ ಕಥೆ. ಇಪ್ಪತ್ತೇಳರ ಕಾಲದಲ್ಲಿ ಅದು 'ನಾನು ಎಲ್ಲರನ್ನೂ ಪ್ರೀತಿಸುತ್ತೇನೆ' ಎಂದಿತ್ತು. ಆ ಕಾಲದಲ್ಲಿಯೇ ಊರಿನಲ್ಲಿದ್ದ ನನ್ನ ತಮ್ಮನಿಗೂ ನನಗೂ ಎರಡು ಎಕರೆ ಹೊಲದ ಬದುವಿನ ವಿಷಯವಾಗಿ ಮಾತು ನಿಂತು ಆರು ವರ್ಷವಾಗಿತ್ತು. ಎಲ್ಲರನ್ನೂ ಪ್ರೀತಿಸುವ ಮಾತಿಗೆ ಅದು ಎಂದೂ ಅಡ್ಡ ಬಂದಿರಲಿಲ್ಲ. ಜರಡಿ ಹಿಡಿದ ದಿನ, ಎಲ್ಲರೂ ಎಂದರೆ ಯಾರು ಎಂದು ಕೇಳಿಕೊಂಡಾಗ ಅವನ ಮುಖವೇ ಬಂತು. 'ತಮ್ಮನಿಗೆ ಕಾಗದ ಬರೆಯುತ್ತೇನೆ' ಎಂದು ತಿದ್ದಿದೆನು. ನಾಲ್ಕು ತಿಂಗಳು ದಿನವೂ ಹೇಳಿದೆನು, ಬರೆಯಲಿಲ್ಲ. ಸಂಜೆಯ ಲೆಕ್ಕದಲ್ಲಿ ಅದೊಂದು ಸಾಲಿನಲ್ಲಿ ಚುಕ್ಕೆಗಳು ತೊಗರಿ ಹರಡಿದಂತೆ ಕಾಣುತ್ತಿದ್ದುವು. ನೋಡಲಾರದೆ ನುಡಿಯನ್ನು 'ತಮ್ಮನ ಕ್ಷೇಮವನ್ನು ಬಯಸುತ್ತೇನೆ' ಎಂದು ಹಗುರ ಮಾಡಿದೆನು. ಚುಕ್ಕೆಗಳು ನಿಂತುವು. ಒಂದು ಬೆಳಿಗ್ಗೆ ಲಿಂಗ ಅಂಗೈಯಲ್ಲಿದ್ದಾಗ ಆ ಮಾತು ಗಂಟಲಿನಿಂದ ಹೊರಡಲಿಲ್ಲ. ಪೂಜೆ ಮುಗಿಸಿದವನೇ ಅಂಚೆ ಕಚೇರಿಗೆ ನಡೆದು, ಒಂದು ಇನ್‌ಲ್ಯಾಂಡ್ ಕಾಗದ ಕೊಂಡು, ಅಲ್ಲಿಯ ಬೆಂಚಿನ ಮೇಲೆಯೇ ಕುಳಿತು ಬರೆದೆನು. ಹೊಲದ ಮಾತೆತ್ತಲಿಲ್ಲ. ಇಲ್ಲಿಯ ಮಳೆ, ಮಕ್ಕಳ ಓದು, ಇಷ್ಟೇ.

ಇಪ್ಪತ್ತು ದಿನಕ್ಕೆ ಉತ್ತರ ಬಂತು. ಅವನೂ ಹೊಲದ ಮಾತೆತ್ತಿರಲಿಲ್ಲ. ಮಳೆ ಹಿಂದಾಗಿದೆ, ಶೇಂಗಾ ಬಿತ್ತಿಲ್ಲ, ಕರಿಯ ಎತ್ತು ಮುದಿಯಾಯಿತು, ಅತ್ತಿಗೆಗೆ ಶರಣು ಹೇಳು ಎಂದು ಬರೆದಿದ್ದನು. ಅಂದಿನಿಂದ ನನ್ನ ಪುಸ್ತಕದ ನಾಲ್ಕನೆಯ ನುಡಿ ಹೀಗಿದೆ: 'ಅವನ ಕಾಗದಕ್ಕೆ ಎಂಟು ದಿನದೊಳಗೆ ಉತ್ತರ ಬರೆಯುತ್ತೇನೆ.' ಈಗ ಅವನ ಮಗ ದೂರವಾಣಿ ತೆಗೆದುಕೊಟ್ಟಿದ್ದಾನೆ, ಮಾತು ಬಾಯಲ್ಲೇ ಆಗುತ್ತದೆ. ಆದರೂ ಯುಗಾದಿಗೆ, ದೀಪಾವಳಿಗೆ ಅವನು ಕಾಗದ ಬರೆಯುವುದನ್ನು ಬಿಟ್ಟಿಲ್ಲ. ನಿನ್ನೆ ಒಂದು ಬಂದಿದೆ.